360 ಡಿಗ್ರಿ ತಿರುಗಿಸಿದ್ರೆ ಮೈನಸ್ ಯಾಕ ಬರ್ತದ? ಸ್ಪಿನ್, ಎಸ್‌ಯು(2), ಎಸ್‌ಒ(3) ಬಗ್ಗೆ

ಸಿಂಧನೂರು_ಎಂಎಸ್ಸಿ

ನೆಟ್ ಪರೀಕ್ಷೆಗೆ ಓದೋರಿಗೆಲ್ಲ ಸಿಕ್ಕೊಳ್ಳೋ ಜಾಗ ಇದು. ಸ್ಪಿನ್ ಅಂದ್ರ ಕಣಕ್ಕ ಹುಟ್ಟಿನಿಂದಲೇ ಇರೋ ಕೋನೀಯ ಸಂವೇಗ. ಎಸ್‌ಒ(3) ಅಂದ್ರ ಮೂರು ಆಯಾಮದ ತಿರುಗುವಿಕೆಗಳ ಗುಂಪು, ಎಸ್‌ಯು(2) ಅಂದ್ರ ಸ್ಪಿನ್ ½ ಸ್ಥಿತಿನ ತಿರುಗಿಸೋ 2 × 2 ಮ್ಯಾಟ್ರಿಕ್ಸ್‌ಗಳ ಗುಂಪು. ಎಲೆಕ್ಟ್ರಾನಿನ ಸ್ಥಿತಿನ 360 ಡಿಗ್ರಿ ತಿರುಗಿಸಿದ್ರೆ ಮೊದಲಿನ ಸ್ಥಿತಿ ಬರಂಗಿಲ್ಲ, ಅದರ ಮೈನಸ್ ಬರ್ತದ. 720 ಆದ್ಮ್ಯಾಲೆ ಮೊದಲಿನಂಗ ಆಗ್ತದ. ಸೂತ್ರಕ್ಕ ಹಾಕಿದ್ರ ಉತ್ತರ ಬರ್ತದ, ಅದು ಬ್ಯಾರೆ ಮಾತು. ಆದ್ರ ಸೂತ್ರದಾಗಿನ ಥೀಟಾ (ತಿರುಗಿಸಿದ ಕೋನ) ಬೈ 2 ಎಲ್ಲಿಂದ ಬಂತು? ಮತ್ತ, ಒಟ್ಟು ಫೇಸ್‌ಗೆ (ಇಡೀ ಸ್ಥಿತಿಗೆ ಗುಣಿಸೋ −1ರಂಥ ಸಂಖ್ಯೆಗೆ) ಅರ್ಥ ಇಲ್ಲ ಅಂತ ಮೊದಲನೇ ಅಧ್ಯಾಯದಾಗೇ ಹೇಳಿದ ಮ್ಯಾಲೆ ಈ ಮೈನಸ್‌ಗೆ ಇಷ್ಟು ಗದ್ದಲ ಯಾಕ? ಬಲ್ಲವರು ಲೆಕ್ಕ ಬಿಡಿಸಿ ತೋರಿಸ್ರಿ.

ಕೋಟೆಗುಡ್ಡ_ಬಳ್ಳಾರಿ

ಮೊದಲನೇ ಪ್ರಶ್ನೆಗೆ ಉತ್ತರ: ಆ ಅರ್ಧ ಯಾರೋ ಅನುಕೂಲಕ್ಕೆ ಹಾಕಿದ್ದಲ್ಲ. ಮೂರು ಅಕ್ಷದ ತಿರುಗುವಿಕೆ ಒಂದರೊಡನೆ ಒಂದು ಹೊಂದಬೇಕು ಅನ್ನೋ ಷರತ್ತೇ ಅದನ್ನ ಹೊರಗೆ ತರುತ್ತೆ.

ಒಂದು ವಸ್ತುವನ್ನ 1ನೇ ಅಕ್ಷದ ಸುತ್ತ 0.1 ರೇಡಿಯನ್, ಅಂದ್ರೆ 5.7 ಡಿಗ್ರಿ ತಿರುಗಿಸಿ. ಆಮೇಲೆ 2ನೇ ಅಕ್ಷದ ಸುತ್ತ ಅಷ್ಟೇ. ಈಗ 1ರ ಸುತ್ತ ಹಿಂದಕ್ಕೆ, 2ರ ಸುತ್ತ ಹಿಂದಕ್ಕೆ. ಎಲ್ಲ ವಾಪಸ್ ಮಾಡಿದ ಹಾಗೆ ಕಂಡರೂ ವಸ್ತು ಮೊದಲಿದ್ದ ಹಾಗೆ ಇರಲ್ಲ. 3ನೇ ಅಕ್ಷದ ಸುತ್ತ ಸುಮಾರು 0.01 ರೇಡಿಯನ್ ಉಳಿದಿರುತ್ತೆ, ಅರ್ಧ ಡಿಗ್ರಿಗೆ ತುಸು ಹೆಚ್ಚು. 0.1 ಗುಣಿಸು 0.1. ಜೆ1 ಜೆ2 − ಜೆ2 ಜೆ1 = ಐ ಜೆ3 ಅನ್ನೋ ಸಮೀಕರಣ (ಜೆ ಅಂದ್ರೆ ಆಯಾ ಅಕ್ಷದ ಜನಕ, ಅಂದ್ರೆ ಆ ಅಕ್ಷದ ಸುತ್ತ ಸಣ್ಣ ತಿರುಗುವಿಕೆ ಮಾಡಿಸೋ ಆಪರೇಟರ್; ಐ ಅಂದ್ರೆ √−1; ಪ್ಲಾಂಕ್ ಸ್ಥಿರಾಂಕವನ್ನ 2πಯಿಂದ ಭಾಗಿಸಿದ ಹೆಚ್-ಬಾರ್ ಅನ್ನ 1 ಅಂತ ಇಟ್ಟುಕೊಂಡು) ಹೇಳೋದು ಈ ಉಳಿಕೆಯನ್ನೇ. ಇದರಲ್ಲಿ ಕ್ವಾಂಟಮ್ ಏನೂ ಇಲ್ಲ, ಬೆಂಕಿಪೊಟ್ಟಣಕ್ಕೂ ಇದೇ ಲೆಕ್ಕ.

ಈಗ ಪೌಲಿಯ ಮೂರು 2 × 2 ಮ್ಯಾಟ್ರಿಕ್ಸ್ ತಗೊಳ್ಳಿ. ಟೈಪ್ ಮಾಡೋಕೆ ಸುಲಭ ಆಗ್ಲಿ ಅಂತ ಸ1, ಸ2, ಸ3 ಅಂತೀನಿ. ಪ್ರತಿಯೊಂದರ ವರ್ಗ 1. ಜೊತೆಗೆ ಸ1 ಸ2 = ಐ ಸ3, ಸ2 ಸ1 = −ಐ ಸ3. ಕಳೆದ್ರೆ 2 ಐ ಸ3. ಬೇಕಾಗಿದ್ದು ಐ ಪಟ್ಟು, ಬಂದಿದ್ದು ಅದರ ಎರಡರಷ್ಟು. ಹಾಗಾಗಿ ಸ1, ಸ2, ಸ3 ಅವುಗಳಷ್ಟಕ್ಕೆ ತಿರುಗುವಿಕೆಯ ಜನಕಗಳಾಗಲ್ಲ. ಪ್ರತಿಯೊಂದನ್ನ ಅರ್ಧ ಮಾಡಿ: ಎಡಗಡೆ ಕಾಲು ಗುಣಿಸು 2 ಐ ಸ3, ಬಲಗಡೆ ಐ ಗುಣಿಸು ಸ3/2. ಸರಿಹೋಯ್ತು. ಬೇರೆ ಯಾವ ಸಂಖ್ಯೆಯಿಂದ ಗುಣಿಸಿದರೂ ಸರಿಹೋಗಲ್ಲ, ಪ್ರಯತ್ನ ಮಾಡಿ ನೋಡಿ.

ಇದನ್ನ ಘಾತಕ್ಕೆ ಏರಿಸಿದ್ರೆ ಸಿಗೋದು: ಕಾಸ್(ಥೀಟಾ/2) − ಐ ಸೈನ್(ಥೀಟಾ/2) × (ಅಕ್ಷದ ದಿಕ್ಕಿನ ಸ). ಥೀಟಾ 360 ಆದ್ರೆ ಕಾಸ್ 180, ಅಂದ್ರೆ −1. ಥೀಟಾ 720 ಆದ್ರೆ +1.

ಶಕ್ತಿನಗರ_50

ಕೋಟೆಗುಡ್ಡ ಸರ್ ಹೇಳಿದ್ದಕ್ಕ ಒಂದು ಮಾತು ಸೇರಿಸ್ತೀನಿ. ನಮ್ಮ ಥರ್ಮಲ್ ಸ್ಟೇಷನ್ನಿನ ಟರ್ಬೈನ್ ಶಾಫ್ಟ್ ನಿಮಿಷಕ್ಕ 3000 ಸುತ್ತು ಹಾಕ್ತದ, ಅಂದ್ರ 50 ಹರ್ಟ್ಝ್. ಆದ್ರ ಅಕ್ಷ ಒಂದೇ. 30 ಡಿಗ್ರಿ ತಿರುಗಿಸಿ 50 ತಿರುಗಿಸಿದ್ರೂ ಅಷ್ಟೇ, 50 ಮೊದಲು ಮಾಡಿದ್ರೂ ಅಷ್ಟೇ. ಥ್ರೀ ಫೇಸ್‌ನ 120 ಡಿಗ್ರಿ ಲೆಕ್ಕ ಬರೀ ಕೂಡೋದು ಕಳೆಯೋದರಾಗ ಮುಗಿಯೋದು ಅದಕ್ಕೇ. ಒಂದೇ ಅಕ್ಷ ಇದ್ದಾಗ ಅರ್ಧ ಆಗಲಿ, ಮೂರನೇ ಒಂದು ಭಾಗ ಆಗಲಿ, ಯಾವ ಸಂಖ್ಯೆ ಹಾಕಿದ್ರೂ ಸಮೀಕರಣ ಬ್ಯಾಡ ಅನ್ನಂಗಿಲ್ಲ. ಎರಡೇ ಆಯಾಮದಾಗ ಎನಿಯಾನ್ ಅನ್ನೋ, ಸ್ಪಿನ್ ಅರ್ಧನೂ ಪೂರ್ಣಾಂಕನೂ ಅಲ್ಲದ ಕಣಗಳು ಸಾಧ್ಯ ಆಗೋದು ಈ ಸಡಿಲದಿಂದ. ಮೂರು ಅಕ್ಷ ಬಂದ ಕೂಡ್ಲೇ ಹಗ್ಗ ಬಿಗೀತದ: ಸ್ಪಿನ್ 0, 1/2, 1, 3/2... ಇಷ್ಟೇ, ಮತ್ತ್ಯಾವುದೂ ಇಲ್ಲ.

ಮಾನ್ವಿ_ಪೆನ್ಸಿಲ್

ಮಾತು ಸರಿ ಅದ. ಆದ್ರ ಲೆಕ್ಕ ಕೈಯಾಗ ಬರಬೇಕಂದ್ರ ಲೂಡೋ ದಾಳ ಒಂದು ಸಾಕು. ಪೂರ್ವಕ್ಕ 1ನೇ ಅಕ್ಷ, ಉತ್ತರಕ್ಕ 2, ಮ್ಯಾಲೆ 3. ಬಲಗೈ ಹೆಬ್ಬೆರಳು ಅಕ್ಷದ ಕಡೆ ಮಾಡಿದ್ರ ಬೆರಳು ಮಡಚೋ ದಿಕ್ಕೇ ಧನ ದಿಕ್ಕು.

ಮೊದಲು 1ರ ಸುತ್ತ 90. ಪೂರ್ವದ ಮುಖ ಅಲ್ಲೇ ಇರ್ತದ, ಉತ್ತರದ್ದು ಮ್ಯಾಲಕ್ಕ ಬರ್ತದ, ಮ್ಯಾಲಿಂದು ದಕ್ಷಿಣಕ್ಕ ಹೋಗ್ತದ. ಆಮೇಲೆ 3ರ ಸುತ್ತ 90. ಪೂರ್ವದ್ದು ಉತ್ತರಕ್ಕ, ದಕ್ಷಿಣದ್ದು ಪೂರ್ವಕ್ಕ, ಮ್ಯಾಲಿಂದು ಅಲ್ಲೇ. ಎರಡೂ ಕೂಡಿಸಿ ನೋಡ್ರಿ: ಪೂರ್ವ → ಉತ್ತರ → ಮ್ಯಾಲೆ → ಪೂರ್ವ. ಮೂರು ಮುಖ ಜಾಗ ಬದಲಿಸ್ಯಾವ, ಆದ್ರ ಆ ಮೂರೂ ಕೂಡೋ ಮೂಲಿ ಇದ್ದಲ್ಲೇ ಅದ. ಅಂದ್ರ ಎರಡು 90 ಸೇರಿ ಒಂದು 120 ಆಗ್ಯದ, ಮೂಲಿಯ ಕರ್ಣದ ಸುತ್ತ.

ಈಗ ಮ್ಯಾಟ್ರಿಕ್ಸ್. 90ಕ್ಕ ಅರ್ಧ 45, ಕಾಸ್ ಸೈನ್ ಎರಡೂ 1/√2. ಮೊದಲು ಮಾಡಿದ್ದು ಬಲಕ್ಕ ಬರೀಬೇಕು, ಇದನ್ನ ಮರೀಬ್ಯಾಡ್ರಿ:
½ (1 − ಐ ಸ3)(1 − ಐ ಸ1) = ½ (1 − ಐ ಸ1 − ಐ ಸ3 − ಸ3 ಸ1).
ಸ3 ಸ1 = ಐ ಸ2. ಹಂಗಾಗಿ ½ (1 − ಐ(ಸ1 + ಸ2 + ಸ3)).
ಕಾಸ್(ಥೀಟಾ/2) = ½, ಥೀಟಾ = 120. ಅಕ್ಷ (1,1,1). ದಾಳ ತೋರಿಸಿದ್ದೇ ಬಂತು. 3 × 3 ಮ್ಯಾಟ್ರಿಕ್ಸ್ ಗುಣಾಕಾರ ಮಾಡಿ ಅಕ್ಷ ಹುಡುಕೋಕಿಂತ ಇದು ಎಷ್ಟೋ ಹಗುರ.

ಕ್ರಮ ತಿರುವಿದ್ರ ಸ1 ಸ3 = −ಐ ಸ2, ಅಕ್ಷ (1, −1, 1) ಆಗ್ತದ. ಕೋನ 120 ಅದೇ ಉಳೀತದ, ಮೂಲಿ ಬ್ಯಾರೆ.

ಮಜಾ ಮುಂದ ಅದ. ಇದೇ ಜೋಡಿನ ಮೂರು ಸಲ ಮಾಡ್ರಿ. ದಾಳ ಹೆಂಗಿತ್ತೋ ಹಂಗ ಕೂಡ್ತದ. ಮ್ಯಾಟ್ರಿಕ್ಸ್ ಮಾತ್ರ ಕಾಸ್ 180, ಅಂದ್ರ −1 ಅಂತದ. ದಾಳಕ್ಕ ಗೊತ್ತಾಗದ ಒಂದು ಬಿಟ್ ಮಾಹಿತಿನ ಎಸ್‌ಯು(2) ಜೇಬಿನಾಗ ಇಟ್ಕೊಂಡದ. ಎಸ್‌ಒ(3)ರ ಒಂದೊಂದು ತಿರುಗುವಿಕೆಗೂ ಎಸ್‌ಯು(2)ದಾಗ ಎರಡೆರಡು ಮ್ಯಾಟ್ರಿಕ್ಸ್, ಯು ಮತ್ತ −ಯು, ಅಂತ ಪುಸ್ತಕದಾಗ ಬರೆಯೋದು ಇದನ್ನೇ.

ಸಿಂಧನೂರು_ಎಂಎಸ್ಸಿ

ದಾಳ ತಿರುಗಿಸಿ ನೋಡ್ದೆ, ಸರಿ ಬಂತು. ಆದ್ರ ನಮ್ಮಲ್ಲಿ ಒಬ್ಬರ ಉತ್ತರ 360ಕ್ಕ −ಐ ಸ3 ಅಂತ ಬರ್ಲಿಕ್ಕತ್ತದ. ಎಲ್ಲಿ ತಪ್ಪಿದ್ದು?

ಮಾನ್ವಿ_ಪೆನ್ಸಿಲ್

ಅರ್ಧ ಎರಡು ಸಲ ಹಾಕ್ಯಾರ. ಘಾತದಾಗ ಸ್ಪಿನ್ ಆಪರೇಟರ್ ಎಸ್ ಬರೆದ್ರ ಅದರೊಳಗೇ ½ ಕುಂತಿರ್ತದ. ಮತ್ತ ಥೀಟಾ/2 ಬರೆದ್ರ ಕಾಲು ಆಗ್ತದ, 360ಕ್ಕ ಕಾಸ್ 90 = 0, ಸೈನ್ 90 = 1, ಉಳಿಯೋದು −ಐ ಸ3. ಪರೀಕ್ಷೆ ಹಾಲ್‌ನಾಗ ಹತ್ತು ಸೆಕೆಂಡಿನ ತಪಾಸಣೆ: 360 ಹಾಕಿದಾಗ +1 ಅಥವಾ −1 ಬರಲಿಲ್ಲ ಅಂದ್ರ ಅರ್ಧದ ಲೆಕ್ಕ ಕೆಟ್ಟದ.

ಗಂಗಾವತಿ_ಡ್ರೋನ್

ಈ ಯು, −ಯು ತಾಪತ್ರಯ ಭತ್ತದ ಹೊಲಕ್ಕ ಔಷಧ ಹೊಡಿಯೋ ಡ್ರೋನಿಗೂ ಐತಿ ನೋಡ್ರಿ. ಅದರ ಫ್ಲೈಟ್ ಕಂಟ್ರೋಲರ್ ದಿಕ್ಕನ್ನ ಕ್ವಾಟರ್ನಿಯನ್‌ನಾಗ ಇಟ್ಕೊಂಡಿರತೈತಿ: ನಾಲ್ಕು ಸಂಖ್ಯೆ, ನಾಲ್ಕರ ವರ್ಗ ಕೂಡಿದ್ರ 1. ಹ್ಯಾಮಿಲ್ಟನ್ 1843ರಾಗ ಡಬ್ಲಿನ್‌ನ ಸೇತುವೆ ಕಲ್ಲಿನ ಮ್ಯಾಲೆ ಕೆತ್ತಿದ್ದು ಇದೇ ಸೂತ್ರ. ಪೌಲಿ ಮ್ಯಾಟ್ರಿಕ್ಸ್‌ಗೆ −ಐ ಗುಣಿಸಿದ್ರ ಹ್ಯಾಮಿಲ್ಟನ್ನನ ಮೂರು ಘಟಕ ಸಿಗತಾವು. ಅಂದ್ರ ಎಸ್‌ಯು(2)ನ ಎಂಜಿನಿಯರಿಂಗ್ ಅಂಗಿ ಅದು.

ಎಡವಟ್ಟು ಎಲ್ಲೆಲ್ಲಿ ಆಗತಾವು ಅಂದ್ರ: ನೆಟ್ಟಗಿನ ಅಕ್ಷದ ಸುತ್ತ 90 ತಿರುಗಬೇಕಂದ್ರ ನಾಲ್ಕು ಸಂಖ್ಯೆ 0.7071, 0, 0, 0.7071. ಅರ್ಧ ಮರೆತು ಕಾಸ್ 90, ಸೈನ್ 90 ಹಾಕಿದ್ರ 0, 0, 0, 1 ಆಗಿ ಅದು 180 ತಿರುಗೋ ಆದೇಶ ಆಗತೈತಿ. ಎರಡನೇದು, ಕೆಲವು ಲೈಬ್ರರಿ ಕಾಸ್ ಇರೋ ಸಂಖ್ಯೆನ ಮೊದಲು ಇಡತಾವು, ಕೆಲವು ಕೊನಿಗೆ. ಎರಡು ಕೋಡ್ ಜೋಡಿಸೋ ಮೊದಲು ಒಂದು ಗೊತ್ತಿರೋ ಕೋನ ಕಳಿಸಿ ನೋಡೋದು ಒಳ್ಳೇದು.

ಮೂರನೇದೇ ಮೈನಸ್ಸಿನ ಕಥಿ. ಈಗಿನ ದಿಕ್ಕು ಕ್ಯೂ, ಮುಟ್ಟಬೇಕಾದ ದಿಕ್ಕು −ಕ್ಯೂಗೆ ಹತ್ತಿರ ಅಂದ್ರ ಡ್ರೋನ್ ತಿರುಗೋದು ಕಣ್ಣಿಗೆ 10 ಡಿಗ್ರಿ ಅಷ್ಟೇ ಬೇಕಾಗಿರತೈತಿ, ಕೋಡ್ ಮಾತ್ರ ಉಲ್ಟಾ ಕಡಿಯಿಂದ 350 ಡಿಗ್ರಿ ತಿರುಗಿಸತೈತಿ. ಪರಿಹಾರ ಒಂದು ಸಾಲು: ಎರಡು ಕ್ವಾಟರ್ನಿಯನ್‌ಗಳ ಡಾಟ್ ಪ್ರಾಡಕ್ಟ್ ಸೊನ್ನೆಗಿಂತ ಕಡಿಮಿ ಬಂದ್ರ ಒಂದರ ನಾಲ್ಕೂ ಚಿಹ್ನೆ ಬದಲಿಸ್ರಿ. ಡ್ರೋನಿಗೆ ಈ ಚಿಹ್ನೆ ಕಸ, ಎಸೀಬಹುದು. ಎಲೆಕ್ಟ್ರಾನಿಗೆ ಕಸ ಅಲ್ಲ.

ಸಿಂಧನೂರು_ಎಂಎಸ್ಸಿ

ಅದೇ ನನ್ನ ಎರಡನೇ ಪ್ರಶ್ನೆ ರೀ. ಎಲೆಕ್ಟ್ರಾನಿಗೆ ಕಸ ಅಲ್ಲ ಅಂತ ಹೆಂಗ ಹೇಳ್ತೀರಿ?

ಲ್ಯಾಬ್_ಕೋಣೆ_12

ಪೂರ್ತಿ ಸ್ಪಿನ್ನನ್ನೇ ತಿರುಗಿಸಿದರೆ ಅದು ಕಸವೇ. ಅಳತೆಗೆ ಬರೋದು ಡೆನ್ಸಿಟಿ ಮ್ಯಾಟ್ರಿಕ್ಸ್, ಅಂದ್ರೆ ಅಳತೆಯ ಸಂಭವನೀಯತೆಗಳನ್ನೆಲ್ಲ ಕೊಡೋ ಮ್ಯಾಟ್ರಿಕ್ಸ್. ತಿರುಗಿಸುವಾಗ ಅದರ ಎಡಕ್ಕೊಂದು ಯು, ಬಲಕ್ಕೊಂದು ಯು ಡ್ಯಾಗರ್ (ಯುನ ಸಾಲು-ಕಂಬ ಅದಲಿಸಿ, ಐಗೆ −ಐ ಹಾಕಿದ್ದು) ಬರುತ್ತೆ. ಮೈನಸ್ ಮೈನಸ್ ಸೇರಿ ಪ್ಲಸ್. ಎಂಆರ್‌ಐ ಯಂತ್ರದಲ್ಲಿ 1.5 ಟೆಸ್ಲಾಗೆ ಪ್ರೋಟಾನ್ ಸುಮಾರು 63.9 ಮೆಗಾಹರ್ಟ್ಝ್‌ನಲ್ಲಿ ಸುತ್ತುತ್ತೆ. ಅಲ್ಲಿ 360 ಡಿಗ್ರಿ ಪಲ್ಸ್ ಕೊಟ್ಟರೂ ಕೊಡದಿದ್ದರೂ ಸಿಗ್ನಲ್ ಒಂದೇ.

ಮೈನಸ್ ಕಾಣಬೇಕಾದರೆ ಅಲೆಯನ್ನ ಎರಡು ಸೀಳು ಮಾಡಿ, ಒಂದನ್ನ ಮಾತ್ರ ತಿರುಗಿಸಿ, ಮತ್ತೆ ಕೂಡಿಸಬೇಕು. 1967ರಲ್ಲಿ ಅಹರೊನೊವ್ ಮತ್ತು ಸಸ್ಕಿಂಡ್ ಒಂದು ಕಡೆ, ಬರ್ನ್‌ಸ್ಟೈನ್ ಇನ್ನೊಂದು ಕಡೆ ಇದು ಸಾಧ್ಯ ಅಂತ ಬರೆದರು. 1975ರಲ್ಲಿ ನ್ಯೂಟ್ರಾನ್ ಇಟ್ಟುಕೊಂಡು ಎರಡು ತಂಡ ಮಾಡಿ ತೋರಿಸಿದವು: ಗ್ರೆನೋಬಲ್‌ನಲ್ಲಿ ರೌಕ್ ಮತ್ತು ಸಂಗಡಿಗರು, ಮಿಸೌರಿಯಲ್ಲಿ ವರ್ನರ್ ಮತ್ತು ಸಂಗಡಿಗರು.

ಉಪಕರಣ ಹೀಗೆ. ಒಂದೇ ಸಿಲಿಕಾನ್ ಹರಳಿನ ತುಂಡು. ಅದರ ಮೇಲೆ ಮೂರು ತೆಳು ಗೋಡೆಗಳನ್ನ ಬಿಟ್ಟು ಮಿಕ್ಕಿದ್ದನ್ನ ಕೊರೆದು ತೆಗೆದಿರ್ತಾರೆ. ಬುಡ ಮಾತ್ರ ಒಂದೇ. ಮೊದಲ ಗೋಡೆ ಅಲೆಯನ್ನ ಸೀಳುತ್ತೆ, ನಡುವಿನದು ಎರಡನ್ನೂ ಒಳಕ್ಕೆ ಬಗ್ಗಿಸುತ್ತೆ, ಮೂರನೇದು ಕೂಡಿಸುತ್ತೆ. ಮೂರು ಬೇರೆ ಬೇರೆ ಹರಳು ಜೋಡಿಸೋಕಾಗಲ್ಲ, ಯಾಕಂದ್ರೆ ಮೂರರ ಪರಮಾಣು ಸಾಲುಗಳು ಪರಮಾಣುವಿನ ಅಳತೆಯಲ್ಲೇ ಒಂದಕ್ಕೊಂದು ನೇರ ಇರಬೇಕು. ಕೋಣೆಯ ಅದುರು, ಉಷ್ಣತೆಯ ಸಣ್ಣ ಏರಿಳಿತ ಸಾಕು, ಪಟ್ಟಿಗಳು ಅಳಿಸಿಹೋಗ್ತವೆ.

ಸಂಖ್ಯೆ ಹಾಕೋಣ. ಅಲೆಯುದ್ದ 1.8 ಆಂಗ್‌ಸ್ಟ್ರಾಮ್ ಇರೋ ನ್ಯೂಟ್ರಾನಿನ ವೇಗ ಸೆಕೆಂಡಿಗೆ 2200 ಮೀಟರ್. ಒಂದು ಟೆಸ್ಲಾದಲ್ಲಿ ಅದರ ಸ್ಪಿನ್ ಸೆಕೆಂಡಿಗೆ 1.83 ಗುಣಿಸು 10ರ 8ನೇ ಘಾತದಷ್ಟು ರೇಡಿಯನ್ ತಿರುಗುತ್ತೆ. 360 ಡಿಗ್ರಿ ಅಂದ್ರೆ 6.283 ರೇಡಿಯನ್. ಕ್ಷೇತ್ರ ಗುಣಿಸು ಉದ್ದ = 6.283 × 2200 ÷ 1.83ಕೋಟಿ×10, ಅಂದ್ರೆ ಸುಮಾರು 75 ಗಾಸ್-ಸೆಂಟಿಮೀಟರ್. ಒಂದು ದಾರಿಯಲ್ಲಿ 2 ಸೆಂಟಿಮೀಟರ್ ಉದ್ದಕ್ಕೆ 38 ಗಾಸ್ ಸಾಕು. ಇಷ್ಟಕ್ಕೆ ಸ್ಪಿನ್ ಒಂದು ಪೂರ್ತಿ ಸುತ್ತು ಹಾಕಿರುತ್ತೆ. ಸುತ್ತು ಮುಗಿದ ಮೇಲೆ ಎಲ್ಲ ಮೊದಲಿನ ಹಾಗೇ ಇರಬೇಕಾಗಿದ್ದರೆ ಡಿಟೆಕ್ಟರ್ ಎಣಿಕೆ ಮೊದಲಿನ ಜಾಗಕ್ಕೆ ಬರಬೇಕಿತ್ತು. ಬರಲ್ಲ. ಹೆಚ್ಚು ಇದ್ದಲ್ಲಿ ಕಡಿಮೆ, ಕಡಿಮೆ ಇದ್ದಲ್ಲಿ ಹೆಚ್ಚು ಆಗಿರುತ್ತೆ. 151 ಗಾಸ್-ಸೆಂಟಿಮೀಟರ್ ಆದಾಗ ಮೊದಲಿನಂತಾಗುತ್ತೆ, ಅದು 720.

ಮಾನ್ವಿ_ಪೆನ್ಸಿಲ್

1.83ಕೋಟಿ×10 ಅಂತ ಬರೆಯೋ ಬದಲು 18.3 ಕೋಟಿ ಅಂತ ಬರೀರಿ, ಓದೋರ ಕಣ್ಣು ಉಳೀತಾವ. ಆಮೇಲೆ ಒಂದು ಪ್ರಶ್ನೆ: ಭೂಮಿಯ ಕಾಂತಕ್ಷೇತ್ರ ಇದನ್ನ ಕೆಡಿಸಂಗಿಲ್ಲೇನು? ಮತ್ತ ನ್ಯೂಟ್ರಾನಿನ ಸ್ಪಿನ್ ಎಲ್ಲಾ ಒಂದೇ ಕಡೆ ಇರಬೇಕೇನು?

ಲ್ಯಾಬ್_ಕೋಣೆ_12

18.3 ಕೋಟಿಯೇ, ಒಪ್ಪಿದೆ.

ಭೂಮಿಯ ಕ್ಷೇತ್ರ ಸುಮಾರು 0.4 ಗಾಸ್ ಅಂತಿಟ್ಟುಕೊಳ್ಳಿ. 10 ಸೆಂಟಿಮೀಟರ್ ದಾರಿಗೆ 4 ಗಾಸ್-ಸೆಂಟಿಮೀಟರ್, ಸುಮಾರು 19 ಡಿಗ್ರಿ. ಕಡಿಮೆ ಏನಲ್ಲ. ಆದರೆ ಎರಡೂ ದಾರಿಗೆ ಒಂದೇ ಸಮ ಬೀಳೋದರಿಂದ ವ್ಯತ್ಯಾಸದಲ್ಲಿ ಹೊರಟುಹೋಗುತ್ತೆ. ಕೆಡಿಸೋದು ವಿದ್ಯುತ್ಕಾಂತದ ಅಂಚಿನಿಂದ ಪಕ್ಕದ ದಾರಿಗೆ ಸೋರೋ ಕ್ಷೇತ್ರ. ಅದನ್ನ ಅಳೆದು ಕಳೆಯದಿದ್ದರೆ 720ರ ಬದಲು ಬೇರೆ ಕೋನ ಬರುತ್ತೆ.

ಸ್ಪಿನ್ ಸಾಲುಗೂಡಿಸಬೇಕಿಲ್ಲ. ಮೇಲ್ಮುಖ ಸ್ಪಿನ್ನಿಗೆ ಫೇಸ್ −ಥೀಟಾ/2, ಕೆಳಮುಖಕ್ಕೆ +ಥೀಟಾ/2. ಎರಡರ ಕಾಸ್ ಒಂದೇ. ಹಾಗಾಗಿ ಎಣಿಕೆ 1 + ಕಾಸ್(ಥೀಟಾ/2) ಥರ ಏರಿಳಿಯುತ್ತೆ, ಬೆರಕೆ ನ್ಯೂಟ್ರಾನ್ ಆದರೂ ಪರವಾಗಿಲ್ಲ.

ಕಿನ್ನಾಳ_ಬಣ್ಣ

ಯಂತ್ರ ಇಲ್ಲದ 720 ತೋರಿಸ್ತೀನಿ. ರೊಟ್ಟಿ ತಾಟು ಒಂದು ಬಲಗೈ ಅಂಗೈ ಮ್ಯಾಲೆ ಇಡ್ರಿ, ಬೆರಳು ಮುಂದಕ್ಕ. ತಾಟು ಮಲಗಿದಂಗೇ ಇರಬೇಕು, ಬೀಳಬಾರದು. ಎಡಕ್ಕ ತಿರುಗಿಸಿಕೋತ ಕಂಕುಳ ಕೆಳಗಿಂದ ಹಿಂದಕ್ಕ ಒಯ್ದು ಹೊರಗಡೆಯಿಂದ ಮುಂದಕ್ಕ ತರ್ರಿ. ತಾಟು 360 ಆತು, ಮೊಣಕೈ ಮುಗಿಲು ನೋಡಾಕತ್ತೈತಿ, ತೋಳು ಹಿಂಡಿದಂಗ ಆಗೈತಿ. ನಿಲ್ಲಿಸಬ್ಯಾಡ್ರಿ, ಅದೇ ಎಡ ದಿಕ್ಕಿಗೆ ಈಗ ತಲಿ ಮ್ಯಾಲಿಂದ ಇನ್ನೊಂದು ಸುತ್ತು. ತೋಳು ಬಿಚ್ಚಿಕೊಂಡು ಮೊದಲಿನಂಗ. ಒಂದು ಸುತ್ತಿಗೆ ತಿರುಚು ಹತ್ತಿದ್ದು ಎರಡನೇ ಸುತ್ತಿಗೆ ಬಿಡತೈತಿ.

ತೋಳು ನೋವಾಗತೈತಿ ಅನ್ನೋರು ಒಂದು ಗೊಂಬಿಗೆ ನಾಲ್ಕು ದಾರ ಕಟ್ಟಿ, ದಾರದ ತುದಿ ಖುರ್ಚಿ ಕಾಲಿಗೆ ಬಿಗೀರಿ. ಗೊಂಬಿನ ಒಂದು ಸುತ್ತು ತಿರುಗಿಸಿದ್ರ ದಾರದ ಸಿಕ್ಕು ಗೊಂಬಿ ತಿರುಗಿಸದ ಬಿಡಿಸಾಕ ಬರೂದಿಲ್ಲ. ಎರಡು ಸುತ್ತು ಆದ್ರ ಬರತೈತಿ.

ಕೋಟೆಗುಡ್ಡ_ಬಳ್ಳಾರಿ

ಕಿನ್ನಾಳದ ಅಣ್ಣಾವ್ರು ಹೇಳಿದ್ದರ ಹಿಂದಿನ ಚಿತ್ರ: ಪ್ರತಿ ತಿರುಗುವಿಕೆಯನ್ನ ಒಂದು ಗುಂಡಿನೊಳಗಿನ ಬಿಂದು ಅಂತ ಇಡಿ. ಕೇಂದ್ರದಿಂದ ದಿಕ್ಕು ಅಂದ್ರೆ ಅಕ್ಷ, ದೂರ ಅಂದ್ರೆ ಕೋನ, ಅಂಚು 180. ಬಲಕ್ಕೆ 180, ಎಡಕ್ಕೆ 180 ಒಂದೇ ಆದ್ದರಿಂದ ಎದುರುಬದುರು ಅಂಚಿನ ಬಿಂದುಗಳನ್ನ ಅಂಟಿಸಬೇಕು. 360ರ ದಾರಿ ಅಂಚನ್ನ ಒಂದು ಸಲ ಹಾರುತ್ತೆ, ಅದನ್ನ ಎಳೆದು ಎಳೆದು ಬಿಂದು ಮಾಡೋಕಾಗಲ್ಲ. ಎರಡು ಸಲ ಹಾರೋ ದಾರಿಯನ್ನ ಮಾಡಬಹುದು. ಎಸ್‌ಯು(2)ನಲ್ಲಿ ಇಂಥ ತೂತಿಲ್ಲ, ಅದು ನಾಲ್ಕು ಆಯಾಮದೊಳಗಿನ ಗೋಳದ ಮೇಲ್ಮೈ.

ಆದರೆ ತಾಟಿನ ಆಟ ಎಲೆಕ್ಟ್ರಾನಿನ ಸ್ಪಿನ್ ½ ಅಂತ ಸಾಬೀತು ಮಾಡಲ್ಲ. ½ ಇರೋಕೆ ಜಾಗ ಇದೆ ಅಂತ ಮಾತ್ರ ತೋರಿಸುತ್ತೆ. ಪೈಯಾನ್ ಅನ್ನೋ ಕಣ ಕೂಡ ಇದೇ ಮೂರು ಆಯಾಮದಲ್ಲಿದೆ, ಅದರ ಸ್ಪಿನ್ 0. ವಿಡಿಯೋಗಳಲ್ಲಿ ಇವೆರಡನ್ನ ಕಲಸಿ ಹೇಳೋದು ನನಗೆ ಸರಿ ಕಾಣಲ್ಲ.

ಶಕ್ತಿನಗರ_50

ಸ್ಪಿನ್‌ಗೆ ಕನ್ನಡದಾಗ ಗಿರಕಿ ಅಂತಾರ. ಚಂದ ಪದ, ಆದ್ರ ದಾರಿ ತಪ್ಪಿಸ್ತದ. ಎಲೆಕ್ಟ್ರಾನ್ ಬುಗುರಿಯಂಗ ಸುತ್ತೋ ಗುಂಡು ಅನ್ಕೊಂಡು ಲೆಕ್ಕ ಹಾಕ್ರಿ. ತ್ರಿಜ್ಯಕ್ಕ ಅದರ ಕ್ಲಾಸಿಕಲ್ ತ್ರಿಜ್ಯ 2.8 ಫೆಮ್ಟೋಮೀಟರ್, ಕೋನೀಯ ಸಂವೇಗ ಹೆಚ್-ಬಾರ್/2. ಅಂಚಿನ ವೇಗ ಬೆಳಕಿನ ವೇಗದ ಸುಮಾರು 170 ಪಟ್ಟು ಬರ್ತದ. ತ್ರಿಜ್ಯ ಸಣ್ಣದು ಮಾಡಿದಷ್ಟು ವೇಗ ಇನ್ನೂ ಏರ್ತದ. ಹಂಗಾಗಿ ಒಳಗ ಏನೋ ತಿರುಗ್ತದ ಅನ್ನೋ ಚಿತ್ರ ಬಿಡ್ರಿ. ನಾವು ತಿರುಗಿಸಿದಾಗ ಸ್ಥಿತಿ ಹೆಂಗ ಬದಲಾಗ್ತದ ಅನ್ನೋದರ ಹೆಸರು ಸ್ಪಿನ್.

ಸಿಂಧನೂರು_ಎಂಎಸ್ಸಿ

ಹಂಗಾದ್ರ ಕಕ್ಷೆಯ ಕೋನೀಯ ಸಂವೇಗಕ್ಕ ½ ಯಾಕ ಬರಂಗಿಲ್ಲ? ಅಲೆಫಲನ 360ಕ್ಕ ಒಂದೇ ಬೆಲೆ ಇರಬೇಕು ಅಂತ ಕಾರಣ ಕೊಡ್ತಾರ. ಆದ್ರ ಮೈನಸ್ ಕಾಣಂಗಿಲ್ಲ ಅಂತ ಈಗಷ್ಟೇ ಹೇಳಿದ್ರಿ.

ಮಾನ್ವಿ_ಪೆನ್ಸಿಲ್

ಸರಿಯಾಗಿ ಹಿಡಿದ್ರಿ. ಆ ಕಾರಣ ಸೊರಗಿದ್ದು. ಗಟ್ಟಿ ಕಾರಣ ಏಣಿಯಾಗ ಅದ: ಇಳಿಸೋ ಆಪರೇಟರ್ ಒಂದೊಂದು ಸಲಕ್ಕ 3ನೇ ಅಕ್ಷದ ಕೋನೀಯ ಸಂವೇಗನ 1 ಇಳಿಸ್ತದ. ಎಲ್ (ಕಕ್ಷೆಯ ಕೋನೀಯ ಸಂವೇಗ) = ½ ಇದ್ದಿದ್ರ (ಇಲ್ಲಿ ಥೀಟಾ, ಫೈ ಗೋಳದ ಮ್ಯಾಲಿನ ಜಾಗದ ಕೋನ) ಮ್ಯಾಲಿನ ಮೆಟ್ಟಿಲು √ಸೈನ್ ಥೀಟಾ ಗುಣಿಸು ಫೈ/2ರ ಫೇಸ್. ಅದಕ್ಕ ಇಳಿಸೋ ಆಪರೇಟರ್ ಹಚ್ಚಿದ್ರ −ಕಾಸ್ ಥೀಟಾ/√ಸೈನ್ ಥೀಟಾ ಬರ್ತದ. ಆದ್ರ ಕೆಳಗಿನ ಮೆಟ್ಟಿಲು, ಅಂದ್ರ ಮತ್ತ ಇಳಿಸಿದ್ರ ಸೊನ್ನೆ ಆಗೋ ಫಲನ, √ಸೈನ್ ಥೀಟಾ ಇರಬೇಕು. ಎರಡೂ ಒಂದಲ್ಲ. ಏಣಿ ಕೆಳಗ ತಾಕಂಗಿಲ್ಲ, ಧ್ರುವದಾಗ ಅನಂತಕ್ಕ ಹೋಗ್ತದ. ಪೂರ್ಣಾಂಕಕ್ಕ ಮಾತ್ರ ಏಣಿ ಕೂಡ್ತದ.

ಗಂಗಾವತಿ_ಡ್ರೋನ್

ಬೆಳಕಿಂದು ಏನು? ಬೆಳಕು ಪೂರ್ತಿ ತಡಿಯಾಕ ಪೋಲರಾಯ್ಡ್ ಎರಡು ಅಡ್ಡ ಹಿಡಿಯೋದು 90ಕ್ಕ, ಸ್ಪಿನ್ ಮ್ಯಾಲೆ-ಕೆಳಗ 180ಕ್ಕ.

ಕೋಟೆಗುಡ್ಡ_ಬಳ್ಳಾರಿ

ಫೋಟಾನಿನ ಸ್ಪಿನ್ 1 ಆಗಿರೋದಕ್ಕೇ ಹಾಗೆ. ಸ್ಪಿನ್ ½ಕ್ಕೆ ದಾಟೋ ಸಂಭವನೀಯತೆ ಕಾಸ್ ವರ್ಗ (ಥೀಟಾ/2), ಪೋಲರಾಯ್ಡ್‌ಗೆ ಕಾಸ್ ವರ್ಗ ಥೀಟಾ. ಫೋಟಾನಿಗೆ ಸ್ಪಿನ್ ಇದೆ ಅಂತ ಬೆಳಕಿನ ಚದುರಿಕೆಯಿಂದ ಪ್ರಯೋಗದ ಪುರಾವೆ ಕೊಟ್ಟವರಲ್ಲಿ ಸಿ.ವಿ. ರಾಮನ್ ಮತ್ತು ಭಗವಂತಂ ಇದ್ದಾರೆ, 1931ರಲ್ಲಿ. ಸ್ಪಿನ್ 1ಕ್ಕೆ ಮೂರು ಸ್ಥಿತಿ ಇರಬೇಕಿತ್ತು, ಆದರೆ ದ್ರವ್ಯರಾಶಿ ಇಲ್ಲದ ಕಣವನ್ನ ಯಾರೂ ನಿಲ್ಲಿಸಿ ನೋಡೋಕಾಗಲ್ಲ. ಹಾಗಾಗಿ ಸಾಗೋ ದಿಕ್ಕಿನ ಸ್ಪಿನ್ +1, −1 ಎರಡೇ ಉಳಿಯುತ್ತೆ.

ಸಿಂಧನೂರು_ಎಂಎಸ್ಸಿ

ಕೊನೇದು. ಎರಡು ½ ಸೇರಿದ್ರ 1 ಮತ್ತ 0, 2 × 2 = 3 + 1 ಅಂತ ಎಣಿಕೆ ಸರಿ ಬಂತು. 1 ಮತ್ತ ½ ಸೇರಿಸಿದಾಗ ಸ್ಥಿತಿಗಳ ಮುಂದಿನ ವರ್ಗಮೂಲ ಅದಲುಬದಲು ಆಗ್ತಾವ.

ಮಾನ್ವಿ_ಪೆನ್ಸಿಲ್

ಬಾಯಿಪಾಠ ಮಾಡಬ್ಯಾಡ್ರಿ, ಮ್ಯಾಲಿಂದ ಇಳೀರಿ. 3/2, 3/2 ಸ್ಥಿತಿಯನ್ನ (ಮೊದಲನೇದು ಒಟ್ಟು ಸ್ಪಿನ್, ಎರಡನೇದು 3ನೇ ಅಕ್ಷದ ಪಾಲು) ಇಳಿಸಿದ್ರ ಎಡಗಡೆ √3. ಬಲಗಡೆ ಸ್ಪಿನ್ 1 ಇಳಿದ್ರ √2, ಸ್ಪಿನ್ ½ ಇಳಿದ್ರ 1. ಭಾಗಿಸ್ರಿ: (1,0) ಜೊತೆ ಮೇಲ್ಮುಖಕ್ಕ √(2/3), (1,1) ಜೊತೆ ಕೆಳಮುಖಕ್ಕ √(1/3). ವರ್ಗ ಕೂಡಿದ್ರ 1 ಬಂತಿಲ್ಲೋ ನೋಡ್ರಿ. ½, ½ ಸ್ಥಿತಿಗೆ ಇವೇ ಎರಡು ಸಂಖ್ಯೆ ಅದಲುಬದಲು, ಒಂದಕ್ಕ ಮೈನಸ್. ಯಾವುದಕ್ಕ ಅನ್ನೋದು ಒಪ್ಪಂದ, ಕೋಷ್ಟಕ ಯಾವುದೋ ಅದನ್ನೇ ಕೊನೆತನಕ ಹಿಡೀರಿ.

ಲ್ಯಾಬ್_ಕೋಣೆ_12

ಸ್ಪಿನ್ ಕೂಡಿಸೋ ಮಾತು ಬಂದಿದ್ದಕ್ಕೆ ಒಂದು. ಸ್ಟೆರ್ನ್ ಮತ್ತು ಗೆರ್ಲಾಕ್ 1922ರಲ್ಲಿ ಬೆಳ್ಳಿ ಪರಮಾಣುವಿನ ಕಿರಣವನ್ನ ಎರಡಾಗಿ ಸೀಳಿದರು. ಅದರಿಂದ ಬೆಳ್ಳಿ ಪರಮಾಣುವೇ ಸ್ಪಿನ್ ½, 360ಕ್ಕೆ ಮೈನಸ್ ಆಗುತ್ತೆ ಅಂತ ಬರೀತಾರೆ. ಎಣಿಸಿ ನೋಡಿ: 47 ಎಲೆಕ್ಟ್ರಾನ್, 47 ಪ್ರೋಟಾನ್, ಐಸೊಟೋಪ್ ಪ್ರಕಾರ 60 ಅಥವಾ 62 ನ್ಯೂಟ್ರಾನ್. ಒಟ್ಟು 154 ಅಥವಾ 156, ಎರಡೂ ಸಮಸಂಖ್ಯೆ. ಎಲೆಕ್ಟ್ರಾನ್‌ಗಳ ಒಟ್ಟು ½, ಬೀಜದ್ದೂ ½. ಬಲವಾದ ಕ್ಷೇತ್ರದಲ್ಲಿ ಅವೆರಡರ ಕೊಂಡಿ ಕಳಚುತ್ತೆ, ಬೀಜದ ಕಾಂತೀಯ ಪಾಲು ಲೆಕ್ಕಕ್ಕೆ ಬರದಷ್ಟು ಸಣ್ಣದು. ಹಾಗಾಗಿ ಎರಡೇ ಕಲೆ ಕಾಣುತ್ತೆ. ಪರಮಾಣುವನ್ನ ಇಡಿಯಾಗಿ 360 ತಿರುಗಿಸಿದರೆ ಮಾತ್ರ ಬರೋದು +1.